ಹಾಲುವಾಣದ ಕಂಬಗಳು

ಮೊನ್ನೆ ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು ಹೆಂಚಿನ ಮಾಡು ಹೊತ್ತ ಮರದ ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಸುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ಘಾಟಿಗೆ ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ, ನಾನು ಗೇಟಿನ ಬಳಿ ನಿಂತು ಎದೆತುಂಬ ಎಳೆದುಕೊಂಡೆ. "ಒಳಗೆ ಹೋಗಿ ಅಕ್ಕ, ತಲೆ ತಿರುಗ್ತದೆ" ಎಂದ ಎಣ್ಣೆ ಬಳಿಯುವವನು. ತಲೆ ಆಗಲೇ ತಿರುಗಿ ನಲವತ್ತು ವರ್ಷ ಹಿಂದಕ್ಕೆ ಹೋಗಿತ್ತು. ನನ್ನ ಪಾಲಿಗೆ ಅದು ವಾಲಿಬಾಲ್ ನೆಟ್ಟಿನ ವಾಸನೆ...

ಆಗ ನಮ್ಮ ಮನೆ ಕಡಬದ ಹತ್ತಿರ ಕೋಡಿಂಬಾಳದಲ್ಲಿತ್ತು. ಪಕ್ಕದ ನೀರಿನ ತೋಡು ದಾಟಿದರೆ ಇನ್ನೊಂದು ಮನೆ. ಅದರ ಯಜಮಾನರನ್ನು ನಾನು ಆಚೆಮನೆ ಮಾವ ಎಂದು ಕರೆಯುತ್ತಿದ್ದೆ. ನಮ್ಮ ಮನೆಮಾತು ಅರೆಭಾಷೆ, ಅವರದು ತುಳು, ಹಾಗಾಗಿ ನನ್ನ ಹತ್ತಿರ ಅವರು ಕನ್ನಡ ಮಾತಾಡುತ್ತಿದ್ದರು. ಕಡಬದಿಂದ ಊರೊಳಗೆ ಜೀಪು ಓಡಿಸುವುದು ಅವರ ಉದ್ಯೋಗ. ಒಳಗೆ ಕುಳಿತವರಿಗಿಂತ ಹೊರಗೆ ನೇತಾಡುವವರೇ ಹೆಚ್ಚಿರುತ್ತಿದ್ದ ಆ ಜೀಪಿನ ಸೀಟಿನಡಿಯಲ್ಲಿ ಸದಾ ಒಂದು ಬಾಲ್ ಇರುತ್ತಿತ್ತು. ಕಾಲಿಗೆ ತಾಗುತ್ತದೆ ಎಂದು ಯಾರಾದರೂ ಗೊಣಗಿದರೆ, "ಅದು ನನ್ನ ನಾಲ್ಕನೇ ಮಗು, ಸ್ವಲ್ಪ ಜಾಗ ಕೊಡಿ ಮಾರಾಯ್ರೆ" ಎನ್ನುವರು. ಮೊದಲ ಮೂರೂ ಹೆಣ್ಣುಮಕ್ಕಳು.

ಮಳೆಗಾಲ ಮುಗಿದು ಅಂಗಳ ಕೆತ್ತಿ ಸಮ ಮಾಡಿದ ಕೂಡಲೇ ಅವರ ಮನೆಯಲ್ಲಿ ಹಬ್ಬ. ತೆಂಗಿನ ನಾರಿನ ಹುರಿಯಲ್ಲಿ ಮಾವನೇ ನೆಟ್ ನೇಯ್ದು, ಹುಳ ತಿನ್ನದ ಹಾಗೆ ಗೇರೆಣ್ಣೆಯಲ್ಲಿ ಅದ್ದಿ ಒಣಗಿಸುತ್ತಿದ್ದರು. ಅದು ಪೂರ್ತಿ ಒಣಗಿದ್ದನ್ನು ನಾನಂತೂ ಕಂಡಿಲ್ಲ. ಆಟದಲ್ಲಿ ನೆಟ್ಟಿಗೆ ಕೈ ತಾಗಿಸಿದರೆ ಪಾಯಿಂಟ್ ಹೋಗುತ್ತದೆ. ನಮ್ಮಲ್ಲಿ ತಾಗಿಸಿದವರ ಬೆರಳು ಕಪ್ಪಾಗುತ್ತಿದ್ದುದರಿಂದ ಸುಳ್ಳು ಹೇಳುವ ದಾರಿಯೇ ಇರಲಿಲ್ಲ. ನೆಟ್ಟಿನ ಎತ್ತರ ಅಳೆಯಲು ಕೋಲಾಗಲಿ ಟೇಪಾಗಲಿ ಬೇಕಿರಲಿಲ್ಲ. ಮಾವ ಕಂಬದ ಪಕ್ಕ ಬರಿಗಾಲಲ್ಲಿ ನಿಂತು ಕೈ ಎತ್ತುವರು. ಮಣಿಕಟ್ಟಿಗೆ ಸರಿಯಾಗಿ ಹಗ್ಗ ಬಿಗಿದರೆ ಮುಗಿಯಿತು.

ತಂಡಕ್ಕೆ ಆರು ಜನ ಬೇಕು. ಮಾವ, ಅತ್ತೆ, ಮೂವರು ಮಕ್ಕಳು ಸೇರಿದರೆ ಐದು. ಒಂದು ಸಂಜೆ ತೋಡಿಗೆ ಅಡ್ಡ ಹಾಕಿದ ಅಡಕೆಮರದ ಸಂಕದ ಮೇಲೆ ನಿಂತು ನೋಡುತ್ತಿದ್ದ ನನ್ನನ್ನು ಅವರು ಕರೆದದ್ದು ಹೀಗೆ: "ನೀನು ಬಂದ್ರೆ ಆರಾಗ್ತದೆ." ನನ್ನ ಜೀವಮಾನದಲ್ಲಿ ಅಷ್ಟು ಗೌರವದ ಆಮಂತ್ರಣ ಮತ್ತೆ ಬಂದಿಲ್ಲ. ಎದುರು ತಂಡಕ್ಕೆ ಊರ ಹುಡುಗರು ಬರುತ್ತಿದ್ದರು. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿನಿಂದ ಹೊಡೆಯುವ ಸರ್ವಿಗೆ ಆ ಹುಡುಗರು ನಡುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಡುಕುವ ಗಂಡಸರನ್ನು ಮನೆಮನೆಯಲ್ಲಿ ನೋಡಿ ಬೆಳೆದವಳು ನಾನು. ಹೆಂಡತಿಯಿಂದ ಪಾಯಿಂಟ್ ಹೋದರೆ ನಗುವ ಗಂಡಸನ್ನು ಕಂಡದ್ದು ಆ ಅಂಗಳದಲ್ಲಿ ಮಾತ್ರ.

ಚೆನ್ನಾಗಿ ಆಡುತ್ತಿದ್ದವಳು ಅವರ ದೊಡ್ಡ ಮಗಳು. ನಾನು ಅಕ್ಕ ಎನ್ನುತ್ತಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ, ಅವಳ ಕಾಲೇಜು ಮುಗಿಯುವ ಹೊತ್ತಿಗೆ, ಸುಳ್ಯದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ. ಅವರು ಹೆಣ್ಣು ನೋಡಲು ಬರುತ್ತೇವೆಂದ ಭಾನುವಾರವೇ ಅಕ್ಕನಿಗೆ ಪುತ್ತೂರಿನಲ್ಲಿ ಮ್ಯಾಚು. ದಿನ ಬದಲಿಸಲು ಅವರು ಒಪ್ಪಲಿಲ್ಲ. ಮಾವನ ತಾಯಿ, ನಮ್ಮೆಲ್ಲರ ಅಜ್ಜಿ, ಮ್ಯಾಚು ಬಿಡಲೇಬೇಕು ಎಂದು ಹಟ ಹಿಡಿದು ಊಟ ಬಿಟ್ಟು ಕುಳಿತರು. ಅಕ್ಕ ಬಾಲ್ ತೆಗೆದು ಅಟ್ಟದಲ್ಲಿಟ್ಟಳು. ಮಾವ ಏಣಿ ಇಟ್ಟು ಹತ್ತಿ ಅದನ್ನು ಕೆಳಗಿಳಿಸಿದರು.

ಅವರದು ಒಂದೇ ಲೆಕ್ಕಾಚಾರ. ಮಗಳ ಆಟ ಕಂಡ ಯಾರೂ ಅವಳನ್ನು ಬೇಡ ಎನ್ನಲಾರರು! ಬರುವವರು ಹೇಗೂ ಪುತ್ತೂರಿನಲ್ಲಿ ಬಸ್ಸು ಇಳಿಯಬೇಕು. ಮಾವ ಜೀಪು ತೆಗೆದುಕೊಂಡು ಹೋಗಿ, ಹುಡುಗನನ್ನೂ ಅವನ ತಂದೆಯನ್ನೂ ಸೋದರಮಾವನನ್ನೂ ಹತ್ತಿಸಿಕೊಂಡು, ಮನೆಗೆ ಬರುವ ಬದಲು ನೇರ ಮೈದಾನಕ್ಕೆ ಕರೆತಂದರು. ಇತ್ತ ಮನೆಯಲ್ಲಿ ಅತ್ತೆ ಮಾಡಿಟ್ಟ ಸಜ್ಜಿಗೆ ಅವಲಕ್ಕಿ ತಣ್ಣಗಾಗುತ್ತಿತ್ತು.

ನಾನು ಅಂದು ಮೈದಾನದ ಅಂಚಿನಲ್ಲೇ ಇದ್ದೆ. ಇಸ್ತ್ರಿ ಹಾಕಿದ ಬಿಳಿ ಪಂಚೆಗಳು ಕೆಂಪು ಧೂಳಿನಲ್ಲಿ ಬೆಂಚಿನ ಮೇಲೆ ಸಾಲಾಗಿ ಕುಳಿತದ್ದು ಕಣ್ಣಿಗೆ ಕಟ್ಟಿದೆ. ಅಕ್ಕ ಗೆದ್ದು, ಮೊಣಕೈ ತರಚಿಕೊಂಡು, ಬೆವರು ಒರೆಸುತ್ತ ಬಂದು ಅವರಿಗೆ ಕೈಮುಗಿದಳು. ಹುಡುಗ ತಲೆ ಎತ್ತಲಿಲ್ಲ. ಸೋದರಮಾವ ಗಂಟಲು ಸರಿಮಾಡಿಕೊಂಡು ಕೇಳಿದರು, "ಮದುವೆ ಆದ ಮೇಲೆ ಇದೆಲ್ಲ ಬಿಡ್ತಾಳಲ್ಲ?"

"ಅದನ್ನು ನಾನು ಹೇಳುದು ಸರಿಯಲ್ಲ. ಅವಳತ್ರವೇ ಕೇಳಿ" ಎಂದರು ಮಾವ.

ಅಕ್ಕ ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ಬೇಡಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಬಿಡುದಿಲ್ಲ" ಎಂದಳು.

ಅವರು ಚಹಾ ಕುಡಿದು ಮುಂದಿನ ಬಸ್ಸಿಗೆ ಹೋದರು.

ಆಮೇಲೆ ಊರ ಬಾಯಿಗೆ ಬೀಗ ಹಾಕುವವರು ಯಾರು... ಜೀಪಿನ ಹಿಂದೆ ನೇತಾಡುವವರೂ ಅದೇ ಮಾತಾಡಿದರು. ಕೆಲವು ವರ್ಷ ಆ ಮನೆಗೆ ಸಂಬಂಧಗಳೇ ಬರಲಿಲ್ಲ, ಉಳಿದಿಬ್ಬರಿಗೂ. "ಆ ಕಂಬ ಕಿತ್ತು ಹಾಕು. ಅದು ಇರುವವರೆಗೆ ಈ ಮನೆಯಲ್ಲಿ ಮದುವೆ ಉಂಟಾ?" ಎಂದು ಅಜ್ಜಿ ಚಾವಡಿಯಲ್ಲಿ ಕುಳಿತು ಅತ್ತರು. ಪ್ರತಿ ವರ್ಷ ಮಳೆಗೆ ಮೊದಲು ಕಂಬ ಕಿತ್ತು, ಮಳೆ ಕಳೆದ ಮೇಲೆ ಹೊಸದು ಕಡಿದು ನೆಡುವುದು ವಾಡಿಕೆ. ತಾಯಿಗೆ ಎದುರು ಮಾತಾಡಿ ಗೊತ್ತಿಲ್ಲದ ಮಾವ ಅಂದೂ ಮಾತಾಡಲಿಲ್ಲ. ಆದರೆ ಆ ವರ್ಷ ಕಂಬ ಕೀಳಲೂ ಇಲ್ಲ.

ಅವರು ಮರೆತದ್ದೆಂದರೆ, ಅವು ಹಾಲುವಾಣದ ಹಸಿ ಗೂಟಗಳು. ಆ ಮರದ ತುಂಡು ನೆಲಕ್ಕೆ ಊರಿ ನೀರು ಬಿದ್ದರೆ ಸಾಕು. ಮಳೆ ಹಿಡಿದು ಸ್ವಲ್ಪ ಸಮಯಕ್ಕೆ ಎರಡೂ ಕಂಬಗಳು ಚಿಗುರಿದವು. ಮಾವ ಕೊಡೆ ಹಿಡಿದು ಸುತ್ತು ಬಂದು ನಕ್ಕರು. ಮರ ಎತ್ತರವಾದರೆ ನೆಟ್ಟೂ ಮೇಲಕ್ಕೆ ಹೋಗುತ್ತದಲ್ಲ ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. "ಮರ ತುದಿಯಲ್ಲಿ ಬೆಳೆಯುದು. ಹಗ್ಗ ಕಟ್ಟಿದ ಗುರುತು ಅಲ್ಲೇ ಇರ್ತದೆ" ಎಂದರು.

ಅಕ್ಕ ಆಟ ಬಿಡಲಿಲ್ಲ. ಸುಳ್ಯದ ಕಡೆಯೇ ಪಿ.ಟಿ. ಟೀಚರ್ ಆದಳು, ತಡವಾಗಿ ಮದುವೆಯೂ ಆಯಿತು. ಬಾಲ್ ಕಂಡರೆ ತಲೆ ತಗ್ಗಿಸುವ ಲೆಕ್ಕದ ಮಾಸ್ತರರನ್ನು ಆಕೆ ಒಪ್ಪಿದ್ದಕ್ಕೆ ಮಾವ ಕೊನೆಯವರೆಗೂ ಛೇಡಿಸುತ್ತಿದ್ದರು. ತಂಗಿಯರೂ ನೆಲೆಕಂಡರು. ಅಜ್ಜಿ ಹೋದರು, ಆಮೇಲೆ ಅತ್ತೆ. ತೊಂಬತ್ತು ದಾಟಿದ ಮೇಲೂ ಮಾವ ಮೊಮ್ಮಕ್ಕಳ ಸರ್ವಿಗೆ ಕುರ್ಚಿಯಲ್ಲೇ ಕುಳಿತು ತಪ್ಪು ಹೇಳುತ್ತಿದ್ದರಂತೆ. ಕಳೆದ ವರ್ಷ ಅವರೂ ಹೋದರು.

ಉತ್ತರಕ್ರಿಯೆಯ ದಿನ ಶಾಮಿಯಾನದ ಹಗ್ಗ ಕಟ್ಟಿದ್ದು ಆ ಎರಡು ಮರಗಳಿಗೇ. ಊಟ ಮುಗಿದು ಜನ ಕರಗಿದ ಮೇಲೆ ಅಕ್ಕ ನನ್ನನ್ನು ಒಂದು ಮರದ ಬಳಿ ಕರೆದೊಯ್ದಳು. ಅತ್ತೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿಯನ್ನು ಪಕ್ಕಕ್ಕೆ ಸರಿಸಿದಳು. ತೊಗಟೆಯಲ್ಲಿ ಹಗ್ಗ ಕೊರೆದ ಗೆರೆ ಹಾಗೆಯೇ ಇತ್ತು. ನಾನು ಕೈ ಎತ್ತಿದೆ, ಎಟುಕಲಿಲ್ಲ. ಅಕ್ಕನೂ ಎತ್ತಿದಳು. ಅವಳ ಬೆರಳ ತುದಿ ಮಾತ್ರ ತಾಗಿತು.

ಮಾವನ ಮಣಿಕಟ್ಟು ಅಷ್ಟು ಎತ್ತರದಲ್ಲಿತ್ತು.