ಐವತ್ತನೆಯ ವಾರ್ಷಿಕೋತ್ಸವಕ್ಕೊಂದು ಟ್ಯೂನ್

ನಿವೃತ್ತಿಯ ತನಕ ನನಗೆ ಎರಡು ಕೆಲಸಗಳಿದ್ದವು. ವಾರದ ದಿನಗಳಲ್ಲಿ ಹಳೆಯ ದಾಖಲೆಗಳ ಕಾಲನಿರ್ಣಯ. ಶನಿವಾರ, ಭಾನುವಾರ ಕಂಟೋನ್ಮೆಂಟಿನ ಆರತಕ್ಷತೆಗಳಲ್ಲಿ ಗಿಟಾರ್ ವಾದನ. ಮೊದಲನೆಯದರಿಂದ ಪಿಂಚಣಿ ಬಂದಿತು, ಎರಡನೆಯದರಿಂದ ಎಡಗೈ ಬೆರಳ ತುದಿಗಳಲ್ಲಿ ಜಡ್ಡು. ಈಗ ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೆಲವರಿಗೆ ಗಿಟಾರ್ ಹೇಳಿಕೊಡುತ್ತೇನೆ. ಯಾರಾದರೂ ಕರೆದರೆ ಹೋಗಿ ನುಡಿಸುತ್ತೇನೆ. ಪಿಂಚಣಿಗೂ ಜಡ್ಡಿಗೂ ಇದುವರೆಗೆ ಧಕ್ಕೆ ಬಂದಿಲ್ಲ.

ನಾನು ಕಲಿತದ್ದು ಕುಕ್ ಟೌನಿನ ಬಂಗಲೆಯೊಂದರ ವರಾಂಡದಲ್ಲಿ. ನನ್ನ ಗುರುಗಳು ಆಂಗ್ಲೋ ಇಂಡಿಯನ್ನರು. ಹೋಟೆಲುಗಳಲ್ಲಿ ನುಡಿಸಿ ನುಡಿಸಿ, ಇನ್ನು ಬೇರೆಯವರು ನುಡಿಸಲಿ ಎಂಬ ತೀರ್ಮಾನಕ್ಕೆ ಬಂದಿದ್ದವರು. ಮೊದಲ ಕೆಲವು ವಾರ ಅವರು ನನಗೆ ಒಂದು ಹಾಡನ್ನೂ ಕಲಿಸಲಿಲ್ಲ. ನಾನು ಬರುವ ಮುನ್ನವೇ ತಂತಿಗಳನ್ನು ಬೇಕೆಂದೇ ಸಡಿಲಿಸಿಟ್ಟು, ಬರೀ ಕಿವಿಯಿಂದ ಶ್ರುತಿ ಸೇರಿಸಲು ಕೂರಿಸುತ್ತಿದ್ದರು. ಎರಡು ತಂತಿಗಳು ಒಂದೇ ಸ್ವರಕ್ಕೆ ಹತ್ತಿರ ಬಂದೂ ಸೇರದಿದ್ದಾಗ ನಾದದಲ್ಲಿ ಒಂದು ನಡುಕ ಹುಟ್ಟುತ್ತದೆ. ಬಿರಡೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ನಡುಕ ತಗ್ಗುತ್ತದೆ, ಕೊನೆಗೆ ಇಲ್ಲವಾಗುತ್ತದೆ.

"ಹಾಡು ಎಲ್ಲೂ ಓಡೋಗಲ್ಲ ಮ್ಯಾನ್," ಎನ್ನುತ್ತಿದ್ದರು ಗುರುಗಳು. "ಫಸ್ಟು ಇವೆರಡರ ಜಗಳ ನಿಲ್ಸು."

ನನ್ನ ಶಿಷ್ಯರಿಗೂ ಇದೇ ಕ್ರಮ. ಗಿಟಾರಿನ ತಲೆಗೆ ಕಚ್ಚಿಸುವ ಟ್ಯೂನರ್ ಬಂದಿದೆ, ಫೋನಿನಲ್ಲಿ ಆ್ಯಪ್ ಬಂದಿದೆ ಎಂದು ಅವರು ವಾದಿಸುತ್ತಾರೆ. ವಾದ ಮುಗಿದ ಮೇಲೆ ನಾನು ತಂತಿಗಳನ್ನು ಸಡಿಲಿಸುತ್ತೇನೆ.

ಕಳೆದ ವರ್ಷ ಇಂದಿರಾನಗರದಿಂದ ಒಬ್ಬರು ಹೊಸ ಶಿಷ್ಯರು ಬಂದರು. ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರು ನನ್ನನ್ನು ಸಾರ್ ಎನ್ನುತ್ತಿದ್ದರು, ನಾನು ಅವರನ್ನು ಸಾರ್ ಎನ್ನುತ್ತಿದ್ದೆ. ಪಾಠ ಯಾರಿಗೆ ನಡೆಯುತ್ತಿದೆ ಎಂಬುದು ಕಾಫಿ ತಂದಿಡುವ ನನ್ನ ಹೆಂಡತಿಗೂ ಕೆಲವೊಮ್ಮೆ ಅನುಮಾನವಾಗುತ್ತಿತ್ತು.

"ನನಗೆ ಗಿಟಾರ್ ಬರೋದು ಬೇಡ ಸಾರ್," ಎಂದರು ಅವರು ಮೊದಲ ದಿನವೇ. "ಒಂದೇ ಒಂದು ಟ್ಯೂನ್ ಬಂದ್ರೆ ಸಾಕು."

ಅವರ ಮದುವೆಗೆ ಐವತ್ತು ತುಂಬುವುದರಲ್ಲಿತ್ತು. ನಿಶ್ಚಿತಾರ್ಥವಾಗಿಯೂ ಹುಡುಗಿಯೊಡನೆ ಒಂದು ಮಾತೂ ಆಡಿರದ ಆ ದಿನಗಳಲ್ಲಿ, ಸಹೋದ್ಯೋಗಿಯೊಬ್ಬರ ಆರತಕ್ಷತೆಗೆಂದು ಎರಡೂ ಮನೆಯವರು ಕಂಟೋನ್ಮೆಂಟಿನ ಒಂದು ಹಾಲಿಗೆ ಬಂದಿದ್ದರಂತೆ. ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಸಿಕ್ಕಿತಂತೆ. ವೇದಿಕೆಯಲ್ಲಿ ಒಬ್ಬ ಗಿಟಾರ್ ನುಡಿಸುತ್ತಿದ್ದನಂತೆ. ಅವರು ಮೊದಲು ಮಾತಾಡಿದ್ದು ಆ ಸಂಜೆ. ಅಂದಿನ ಟ್ಯೂನನ್ನೇ ವಾರ್ಷಿಕೋತ್ಸವದ ದಿನ ಹೆಂಡತಿಯ ಮುಂದೆ ನುಡಿಸಬೇಕು ಎಂಬುದು ಅವರ ಆಸೆ. ಹೆಂಡತಿಗೆ ಸುಳಿವು ಸಿಗಬಾರದೆಂದು ಗಿಟಾರನ್ನು ನಮ್ಮಲ್ಲೇ ಇಟ್ಟು, ಮನೆಯಲ್ಲಿ ಕೆರೆಯ ಬಳಿ ವಾಕಿಂಗ್ ಎಂದು ಹೇಳಿ ಬರುತ್ತಿದ್ದರು.

ಟ್ಯೂನ್ ಯಾವುದೆಂದು ಕೇಳಿದೆ. ಮೂರೆಣಿಕೆಯ ತಾಳದ ಒಂದು ಹಿಂದಿ ಚಿತ್ರಗೀತೆಯನ್ನು ಗುನುಗಿದರು. ಕಲಿಸತೊಡಗಿದೆ. ಅವರ ಬೆರಳುಗಳು ಹಾಡಿಗೆ ಸುಲಭವಾಗಿ ಬಗ್ಗಲಿಲ್ಲ. ಆದರೆ ಶ್ರುತಿ ಸೇರಿಸುವುದರಲ್ಲಿ ಅವರನ್ನು ಮೀರಿಸುವವರು ನನ್ನ ಶಿಷ್ಯರಲ್ಲಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ, ತಲೆಯನ್ನು ಗಿಟಾರಿನತ್ತ ವಾಲಿಸಿ, ಆ ನಡುಕ ಅಡಗುವವರೆಗೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಈ ನಡುವೆ ನನ್ನ ಹಳೆಯ ಉದ್ಯೋಗ ತಲೆಹಾಕಿತು. ಆ ಹಾಡಿನ ಗ್ರಾಮಫೋನ್ ತಟ್ಟೆಯ ಹೊದಿಕೆಯನ್ನು ನೋಡಿದೆ. ಒಂದೇ ಆಧಾರವನ್ನು ನಂಬುವ ಅಭ್ಯಾಸವಿಲ್ಲದ್ದರಿಂದ ಗ್ರಂಥಾಲಯಕ್ಕೆ ಹೋಗಿ ಅಂದಿನ ಪತ್ರಿಕೆಗಳ ಸಿನಿಮಾ ಜಾಹೀರಾತುಗಳನ್ನೂ ತಾಳೆ ನೋಡಿದೆ. ಎರಡೂ ಒಂದೇ ಮಾತು ಹೇಳಿದವು: ಆ ಚಿತ್ರ ತೆರೆಗೆ ಬಂದದ್ದು ಇವರ ಮದುವೆಯಾದ ಮೇಲೆ.

ಮುಂದಿನ ಪಾಠದಲ್ಲಿ ಅದನ್ನು ತಿಳಿಸಿದೆ. ಅವರು ಗಿಟಾರನ್ನು ತೊಡೆಯಿಂದ ಇಳಿಸಿದರು.

"ಹಾಗಾದ್ರೆ ಅವತ್ತು ನಾನು ಕೇಳಿದ್ದು ಏನು ಸಾರ್?"

ಆ ಹಾಲುಗಳಲ್ಲಿ ಆಗ ನುಡಿಸಬಹುದಾಗಿದ್ದ, ಕಾಲನಿರ್ಣಯಕ್ಕೆ ಸರಿಹೊಂದುವ ಟ್ಯೂನುಗಳನ್ನೆಲ್ಲ ಒಂದೊಂದಾಗಿ ನುಡಿಸಿ ತೋರಿಸಿದೆ. ಪ್ರತಿಯೊಂದಕ್ಕೂ ತಲೆಯಾಡಿಸಿ, "ಇದೂ ಇರಬಹುದು," ಎಂದರು. ಸಂಶೋಧನೆಯಲ್ಲಿ ಇಂಥ ಸಾಕ್ಷಿಗಿಂತ ಸಾಕ್ಷಿ ಇಲ್ಲದಿರುವುದೇ ಮೇಲು.

"ನಿಮ್ಮ ಮನೆಯವರನ್ನೇ ಕೇಳಿಬಿಡಿ ಸಾರ್," ಎಂದೆ.

"ಅಯ್ಯೋ ಬೇಡ ಸಾರ್. ಗ್ಯಾಸ್ ಬುಕ್ ಮಾಡೋದು ಮರೆತ್ರೇ ಒಂದು ವಾರ ಹೇಳ್ತಾಳೆ. ಇದನ್ನ ಮರೆತಿದೀನಿ ಅಂತ ಗೊತ್ತಾದ್ರೆ ನಾನು ನಿಮ್ಮನೇಲೇ ಇರಬೇಕಾಗತ್ತೆ."

ನಗುತ್ತಲೇ ಹೇಳಿದರು. ಆದರೆ ಅಂದು ಪಾಠ ಮುಂದುವರಿಯಲಿಲ್ಲ. ಐವತ್ತು ವರ್ಷ ಕಾಪಾಡಿಕೊಂಡು ಬಂದ ಒಂದು ಸಂಜೆ ತಮ್ಮ ಕೈಯಲ್ಲಿ ಇಲ್ಲವೇ ಇಲ್ಲ ಎಂಬ ದಿಗಿಲು ಅವರದು. ಕೊನೆಗೆ, ಹಾಡು ಬೇರೆ ಎಂದು ಹೆಂಡತಿ ಗುರುತಿಸಿದರೆ ಗುರುತಿಸಲಿ, ಕಲಿತ ಹಾಡನ್ನೇ ನುಡಿಸುವುದು, ಪಕ್ಕದಲ್ಲಿ ಕುಳಿತು ನಾನು ತಾಳಕ್ಕೆ ಆಸರೆಯಾಗುವುದು ಎಂದು ನಿಶ್ಚಯವಾಯಿತು.

ವಾರ್ಷಿಕೋತ್ಸವ ಇಂದಿರಾನಗರದ ಚಿಕ್ಕದೊಂದು ಹಾಲಿನಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ. ಅವರು ವೇದಿಕೆ ಹತ್ತಿ ಗಿಟಾರ್ ಎತ್ತಿಕೊಂಡಾಗ ಹೆಂಡತಿ, ಮುಂದಿನ ಸಾಲಿನಲ್ಲಿ ಕುಳಿತವರು, ಕನ್ನಡಕ ಸರಿಮಾಡಿಕೊಂಡು, "ಇದಾ ನಿಮ್ಮ ವಾಕಿಂಗು?" ಎಂದರು. ಸಭೆ ನಕ್ಕಿತು. ಅವರು ಮೊದಲ ಸ್ವರ ಮೀಟಿದರು. ಅದು ಶ್ರುತಿ ತಪ್ಪಿತ್ತು.

ಹಿಂದಿನ ಸಂಜೆ ನಮ್ಮಲ್ಲಿಂದ ಗಿಟಾರ್ ಒಯ್ದವರು, ಹೊಳೆಯಲಿ ಎಂಬ ಉತ್ಸಾಹದಿಂದ, ನನಗೂ ಹೇಳದೆ ಶಿವಾಜಿನಗರದ ಅಂಗಡಿಯೊಂದರಲ್ಲಿ ಅವರು ಹೊಸ ತಂತಿಗಳನ್ನು ಹಾಕಿಸಿಕೊಂಡಿದ್ದರು. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಆರೂ ಆರು ದಿಕ್ಕಿಗೆ ಹೋಗಿದ್ದವು. ನಾನು ಜೇಬಿನಿಂದ ಟ್ಯೂನರ್ ತೆಗೆದೆ.

"ಬೇಡ ಸಾರ್. ನಾನೇ ಮಾಡ್ತೀನಿ."

ಕಣ್ಣು ಮುಚ್ಚಿದರು, ತಲೆ ವಾಲಿಸಿದರು. ಟಂಯ್. ಟಂಯ್. ಒಂದನ್ನು ಸೇರಿಸುವಷ್ಟರಲ್ಲಿ ಇನ್ನೊಂದು ಇಳಿಯುತ್ತಿತ್ತು. ಬಂಧುಗಳು ಸ್ವಲ್ಪ ಹೊತ್ತು ಮರ್ಯಾದೆಗೆ ಕುಳಿತಿದ್ದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಊಟದ ಕಡೆ ಹೊರಟರು. ದಂಪತಿಯ ಮಕ್ಕಳು ಬಂಧುಗಳನ್ನು ತಡೆಯಲು ಹೋಗಿ ತಾವೂ ಮರಳಲಿಲ್ಲ. ಸಭೆ ಖಾಲಿಯಾಗುವುದನ್ನು ವೇದಿಕೆಯಿಂದ ನೋಡುವ ಕಷ್ಟ ವಾದ್ಯಗಾರರಿಗೆ ಗೊತ್ತು.

ಆಗ ಅವರ ಹೆಂಡತಿ ಎದ್ದು ಬಂದು ವೇದಿಕೆಯ ಅಂಚಿನಲ್ಲಿ ನಿಂತರು.

"ಇದೇ ರೀ."

"ಏನು ಇದೇ?"

"ಅವತ್ತು ಕೇಳಿದ್ದು. ಆ ಗಿಟಾರಿನವನ ತಂತಿ ಕಿತ್ತೋಗಿತ್ತಲ್ಲ, ಹೊಸದು ಹಾಕ್ಕೊಂಡು ಹೀಗೇ ಟಂಯ್ ಟಂಯ್ ಅಂತ ಕೂತಿದ್ದ. ಸಂಗೀತ ನಿಂತೋಯ್ತು ಅಂತ ನಿಮ್ಮಪ್ಪ, ನಮ್ಮಪ್ಪ ಇಬ್ರೂ ಐಸ್‌ಕ್ರೀಮಿಗೆ ಎದ್ದು ಹೋದ್ರು. ಆಗ ತಾನೇ ನೀವು ಬಾಯಿ ಬಿಟ್ಟಿದ್ದು."

"ಏನಂದೆ?"

"ಫ್ಯಾನ್ ಗಾಳಿ ಜಾಸ್ತಿ ಆಯ್ತಾ ಅಂದ್ರಿ."

"ಅಷ್ಟೇನಾ?"

"ಅಷ್ಟು ಹೇಳೋಕೇ ಬೆವೆತು ಹೋಗಿದ್ರಿ."

ನನ್ನ ಶಿಷ್ಯರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವರ ಹೆಂಡತಿ ಹೇಳಿದ್ದಕ್ಕೆ ನನ್ನ ಬಳಿ ಎರಡನೆಯ ಆಧಾರವಿಲ್ಲ. ಹುಡುಕುವ ಮನಸ್ಸೂ ಆಗಲಿಲ್ಲ.

ಅವರು ಹಾಡು ಶುರುಮಾಡಲು ನನ್ನತ್ತ ಕಣ್ಣು ಹಾಯಿಸಿದರು. ಹೆಂಡತಿ ಅಷ್ಟರಲ್ಲಿ ಕುರ್ಚಿಯೊಂದನ್ನು ಅವರ ಪಕ್ಕಕ್ಕೆ ಎಳೆದುಕೊಂಡಿದ್ದರು.

"ಹಾಡಿಗೇನು ಅವಸರ? ಅವರೆಲ್ಲ ಊಟ ಮುಗ್ಸ್ಕೊಂಡು ಬರ್ಲಿ."

ಪಕ್ಕವಾದ್ಯದವನಿಗೆ ಯಾವಾಗ ನುಡಿಸಬಾರದು ಎಂಬುದು ತಿಳಿದಿರಬೇಕು. ನಾನು ನನ್ನ ಗಿಟಾರನ್ನು ಚೀಲಕ್ಕೆ ಸೇರಿಸಿ ಹೋಳಿಗೆಯ ಸಾಲಿನತ್ತ ನಡೆದೆ. ಬಾಗಿಲು ತಲುಪುವಷ್ಟರಲ್ಲಿ ಅವರ ತಂತಿಗಳು ಪೂರ್ತಿ ಶ್ರುತಿಗೆ ಬಂದಿದ್ದವು, ಎಲ್ಲೂ ನಡುಕವಿರಲಿಲ್ಲ. ಅದರ ಹಿಂದೆಯೇ ನನ್ನ ಶಿಷ್ಯರು ಒಂದು ತಂತಿಯನ್ನು ಬೇಕೆಂದೇ ಸಡಿಲಿಸಿದ್ದು ನನ್ನ ಕಿವಿಗೆ ಬಿತ್ತು.