ಮರದ ಮೀನಿಗೆ ಹಲ್ಲಿನ ಗುರುತು

ಆಗ ನನಗೆ ಅರವತ್ತಾರು ವರ್ಷ, ಬಾಯಲ್ಲಿ ಹನ್ನೊಂದು ಹಲ್ಲು. ಅದಕ್ಕೀಗ ಆರು ವರ್ಷವಾಯಿತು. ವಯಸ್ಸು ಏರಿದೆ, ಹಲ್ಲು ಇಳಿದಿವೆ. ಏರದೆ ಇಳಿಯದೆ ಇರುವುದೆಂದರೆ ನನ್ನ ಮರದ ಮೀನುಗಳು ಮಾತ್ರ. ಅಂದೂ ಹದಿನಾಲ್ಕು, ಇಂದೂ ಹದಿನಾಲ್ಕು. ಹದಿಮೂರು ತಗಡಿನ ಪೆಟ್ಟಿಗೆಯಲ್ಲಿ, ಒಂದು ದೇವರ ಗೂಡಿನಲ್ಲಿ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಮೀನಿನ ವಿಷಯದಲ್ಲಿ ಮಾತ್ರ ತಿದ್ದಲು ಬರಬೇಡಿ.

ಮರದ ಮೀನೆಂದರೆ ಮಕ್ಕಳಾಡುವ ಗೊಂಬೆಯಲ್ಲ. ಸಮುದ್ರದಲ್ಲಿ ದೊಡ್ಡ ಮೀನು ಹಿಡಿಯಲು ಹಿಂದಿನವರು ಮರ ಕೆತ್ತಿ, ಬಣ್ಣ ಬಳಿದು ಮಾಡಿದ ಸುಳ್ಳು ಮೀನು. ಗಾಜಿನ ಕಣ್ಣು, ಹೊಟ್ಟೆಯಡಿ ಮೂರು ಮೊನೆಯ ಕೊಕ್ಕೆ, ಗದ್ದದ ಕೆಳಗೆ ತಗಡಿನ ನಾಲಿಗೆ. ದಾರ ಕಟ್ಟಿ ದೂರ ಎಸೆದು ಎಳೆದರೆ ಆ ನಾಲಿಗೆ ನೀರನ್ನು ಸೀಳಿ, ಮೀನು ಸೊಂಟ ಕುಣಿಸುತ್ತ ಬರುತ್ತದೆ. ಹಸಿದ ಮೀನು ಅದನ್ನು ನಿಜವೆಂದು ನಂಬಿ ಕಚ್ಚುತ್ತದೆ. ಮೋಸವೇ, ಇಲ್ಲ ಅನ್ನುವುದಿಲ್ಲ. ಆದರೆ ಎರೆಹುಳ ಚುಚ್ಚಿ ಕೂರುವವನೂ ಮೋಸಗಾರನೇ. ಅವನು ಊಟ ಹಾಕಿ ಮೋಸ ಮಾಡುತ್ತಾನೆ, ನಾನು ಊಟವನ್ನೂ ಹಾಕುವುದಿಲ್ಲ.

ಇವು ನನಗೆ ಬಂದದ್ದು ವರ್ಕಿಯಿಂದ. ನಮ್ಮ ಮೂರು ಎಕರೆ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಕೇರಳದವನು. ಭಾನುವಾರ ಬಂತೆಂದರೆ ನಮ್ಮ ಕೆರೆ ಏರಿಯ ಮೇಲೆ ನಿಂತು ಅಪ್ಪನ ಕಾಲದ ಮರದ ಮೀನು ಎಸೆಯುತ್ತಿದ್ದ. ಊಟ ಕೊಡಲು ಹೋದ ನಾನು ಅಲ್ಲೇ ನಿಂತು ನೋಡಿ ನೋಡಿ, ಒಂದು ದಿನ ಗಾಳದ ಕೋಲು ಇಸಿದುಕೊಂಡೆ. ಮೊದಲ ಎಸೆತಕ್ಕೆ ಕೊಕ್ಕೆ ನನ್ನ ಸೆರಗಿಗೇ ಸಿಕ್ಕಿತು. ಎರಡನೆಯದಕ್ಕೆ ವರ್ಕಿಯ ಟೋಪಿಗೆ. ಊರು ಬಿಡುವಾಗ ಅವನು ಪೆಟ್ಟಿಗೆಯನ್ನು ನನಗೇ ಕೊಟ್ಟ. ಮನೆಯಲ್ಲಿ ಹೆಂಡತಿ ಇದನ್ನು ಒಲೆಗೆ ಹಾಕುತ್ತಾಳೆ ಎಂದ.

"ಇದು ಉಪ್ಪುನೀರಿಂದು ಅಮ್ಮಾ. ನಿಮ್ಮ ಕೆರೇದು ಸಿಹಿನೀರು. ಮೀನಿಗೆ ಹೇಳ್ಬೇಡಿ" ಎಂದ.

ನಾನು ಸಮುದ್ರ ನೋಡಿದವಳಲ್ಲ. ನಮ್ಮ ಕೆರೆಯ ಕೊರಮೀನೂ ಸಮುದ್ರ ನೋಡಿದ್ದಲ್ಲ. ಹಾವಿನಂಥ ತಲೆಯ ಆ ಮೀನು ವರ್ಕಿಯ ಅಪ್ಪನ ಸುಳ್ಳನ್ನು ಮೊದಲ ವಾರವೇ ನಂಬಿತು.

ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೊಂದು. ಆಮೇಲೆ ನನಗೆ ಹುಚ್ಚು ಹತ್ತಿತು. ಕೆಲವರು ಸೀರೆ ಕೂಡಿಡುತ್ತಾರೆ, ಕೆಲವರು ಜಗಳ ಕೂಡಿಡುತ್ತಾರೆ. ನಾನು ಇವನ್ನು ಕೂಡಿಟ್ಟೆ. ಕೊಪ್ಪಕ್ಕೆ ಸಮುದ್ರದ ಮೀನು ತರುವವನ ಬೆನ್ನು ಹತ್ತಿ ಎರಡು ತರಿಸಿದೆ. ಬೈಲಕುಪ್ಪೆಯಲ್ಲಿ ಹಳೇ ಸಾಮಾನು ಮಾರುವ ಟಿಬೆಟ್ಟಿನ ಮುದುಕ ಒಂದಕ್ಕೆ ಅಂಗಡಿಯ ಬೀಗದ ಕೈ ಕಟ್ಟಿಕೊಂಡಿದ್ದ. ಎರಡು ಸೇರು ಅವರೆಕಾಳು ಕೊಟ್ಟು ಬಿಡಿಸಿಕೊಂಡೆ. ನಾನೇ ಒಂದು ಮಾಡುತ್ತೇನೆಂದು ಬೂರುಗದ ಕೊಂಬೆ ಕಡಿದು ಕೆತ್ತಿದ್ದೂ ಉಂಟು. ನೀರಿಗೆ ಬಿಟ್ಟರೆ ಮಗ್ಗುಲಾಗಿ, ಉಂಡು ಮಲಗಿದ ಗಂಡಸಿನ ಹಾಗೆ ತೇಲಿತು. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಹದಿನಾಲ್ಕರಲ್ಲಿ ಒಂದಕ್ಕೆ ಮೈಯೆಲ್ಲ ಬಿಳಿ, ತಲೆ ಮಾತ್ರ ಕೆಂಪು. ವರ್ಕಿ ಹೋದ ವಾರವೇ ನಮ್ಮತ್ತೆ ಅದನ್ನು ಕಂಡರು. ನಮ್ಮತ್ತೆ ಆಗಲೇ ಎಂಬತ್ತು ದಾಟಿದವರು. ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು.

"ಕುಂಕುಮ ತಾನಾಗೇ ಮೂಡೈತೆ ಕಣಮ್ಮಿ. ಇದು ಮತ್ಸ್ಯಾವತಾರ."

ಕೊಕ್ಕೆ ಇದೆಯಲ್ಲ ಅತ್ತೆ ಎಂದರೆ, ದೇವರಿಗೆ ಆಯುಧ ಇರುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ಅಂದಿನಿಂದ ಅದು ದೇವರ ಗೂಡು ಸೇರಿತು. ಐದು ವರ್ಷ ದಿನಾ ಅರಿಶಿನ, ದೀಪ. ಕೊಕ್ಕೆಗೆ ದಾಸವಾಳ ಸಿಕ್ಕಿಸುವುದು ಬಲು ಸುಲಭ, ಬೇರೆ ಯಾವ ದೇವರಿಗೂ ಆ ಅನುಕೂಲ ಇಲ್ಲ. ನಾನು ಉಳಿದ ಹದಿಮೂರರಲ್ಲಿ ಮೀನು ಹಿಡಿದೆ.

ಇನ್ನು ಆರು ವರ್ಷದ ಹಿಂದಿನ ಆ ಭಾನುವಾರದ ವಿಷಯ. ಕೊಪ್ಪದ ಮೀನಿನವನ ಬಾಯಿಂದ ಸುದ್ದಿ ಹೋಗಿ ಮೈಸೂರಿನ ಯಜಮಾನರೊಬ್ಬರು ಕಾರಿನಲ್ಲಿ ಬಂದರು. ಇಂಥವನ್ನು ಕೂಡಿಡುವುದೇ ಅವರ ಕಸುಬಂತೆ. ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದನ್ನೇ ಭೂತಗನ್ನಡಿಯಲ್ಲಿ ನೋಡಿದರು. ಯಾವ ದೇಶದ ಮರ, ಎಂಥ ಅರಗು, ಕಣ್ಣು ಕೂರಿಸಿದ ಬಗೆ ಎಲ್ಲ ಹೇಳಿದರು. ಬಹಳ ತಿಳಿದವರು. ನೀವು ಎಷ್ಟು ಮೀನು ಹಿಡಿದಿದ್ದೀರಿ ಸ್ವಾಮಿ ಎಂದೆ. ಹಿಡಿಯುವುದಿಲ್ಲವಂತೆ. ನೋಡುತ್ತಾರಂತೆ.

"ಎಲ್ಲದಕ್ಕೂ ಹಲ್ಲಿನ ಗುರುತು ಬಿದ್ದಿದೆಯಲ್ಲ ಅಮ್ಮಾ. ಹಾಳು ಮಾಡಿದ್ದೀರಿ. ಕಚ್ಚಿಸಿಕೊಂಡದ್ದು ನಮ್ಮಂಥವರಿಗೆ ಬೇಡ" ಎಂದು ಮುಖ ಸಣ್ಣದು ಮಾಡಿದರು.

ಅಷ್ಟರಲ್ಲಿ ನನ್ನ ಮಗ ದೇವರ ಗೂಡಿನತ್ತ ಕೈ ತೋರಿಸಿದ. ಯಜಮಾನರು ಎದ್ದು ಹೋಗಿ ಭೂತಗನ್ನಡಿ ಹಿಡಿದು ನೋಡಿದರು. ಒಂದೇ ಒಂದು ಗೀರಿಲ್ಲ. ಇದು ಸಿಕ್ಕರೆ ಇದರ ಜೊತೆ ಆ ಹದಿಮೂರನ್ನೂ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಯಾವುದೂ ಬೇಡ ಎಂದರು. ಗಾಜಿನ ಬೀರುವಿನಲ್ಲಿ ಇಡುತ್ತಾರಂತೆ. ಇನ್ನು ಮೇಲೆ ನೀರು ಸೋಕಿಸಲೇಬಾರದು ಎಂದು ನನಗೆ ಎಚ್ಚರಿಕೆ ಬೇರೆ. ನಮ್ಮತ್ತೆಯೂ ಐದು ವರ್ಷದಿಂದ ಅದನ್ನೇ ಹೇಳುತ್ತಿದ್ದರು. ಒಬ್ಬರು ದೀಪ ಹಚ್ಚಿ ಒಣಗಿಸುತ್ತಾರೆ, ಒಬ್ಬರು ಗಾಜು ಮುಚ್ಚಿ ಒಣಗಿಸುತ್ತಾರೆ. ಮೀನು ಮಾಡಿದವನನ್ನು ಯಾರೂ ಕೇಳಲಿಲ್ಲ.

ಮಗ ಒಪ್ಪಿಬಿಟ್ಟ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಂದು ಒಯ್ಯಿರಿ ಎಂದು ಮಾತು ಕೊಟ್ಟ. ಅವನಿಗೆ ಬೇಕಾದದ್ದು ದುಡ್ಡಲ್ಲ, ನನ್ನ ಕೈಯಿಂದ ಕೋಲು ಇಳಿಯಬೇಕಿತ್ತು. ಮೊಮ್ಮಗಳಿಗೆ ಗಂಡು ನೋಡುತ್ತಿದ್ದರು.

"ಎಣ್ಣು ನೋಡಕ್ ಬರೋರು ಕೆರೆ ಏರಿ ಮ್ಯಾಲೇ ಬರಬೇಕು ಕಣವ್ವ. ನೀನು ಕೋಲು ಇಡ್ಕಂಡು ನಿಂತಿದ್ರೆ ಯಾರು ಅಂತ ಏಳ್ಲಿ?"

"ನಮ್ಮವ್ವ ಅಂತ ಏಳು" ಎಂದೆ.

ಅವನು ಎದ್ದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕಡೆ ಹೋದ. (ಆ ಮದುವೆ ಆಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಬೀಗರು ಪ್ರತಿ ಸಲ ಬಂದಾಗಲೂ ಕೊರಮೀನು ಸಾರು ಕೇಳುತ್ತಾರೆ. ಹಿಡಿದವಳು ಯಾರೆಂದು ಕೇಳುವುದಿಲ್ಲ.)

ನಾನು ಕೂತು ಯೋಚಿಸಿದೆ. ಬಚ್ಚಿಟ್ಟರೆ ಹುಡುಕಿಕೊಂಡು ಮತ್ತೆ ಬರುತ್ತಾರೆ. ಒಳ್ಳೆಯ ಸಾಮಾನಿನ ಬೆನ್ನು ಹತ್ತಿದ ಜನ ದಣಿಯುವುದಿಲ್ಲ. ಹಾಳಾದದ್ದಕ್ಕೆ ಯಾರೂ ಬರುವುದಿಲ್ಲ, ಅದು ನಮ್ಮದಾಗಿಯೇ ಉಳಿಯುತ್ತದೆ. ಇದನ್ನು ಮುದುಕಿಯರಾದ ನಾವು ಯಾರ ಬಾಯಿಂದಲೂ ಕೇಳಿ ಕಲಿಯಬೇಕಾಗಿಲ್ಲ.

ಅತ್ತೆ ಗೂಡಿನ ಮುಂದೆ ಕಾಲು ಚಾಚಿ ಕೂತಿದ್ದರು. ದೇವರನ್ನು ಕಾರಿನಲ್ಲಿ ಕೊಂಡೊಯ್ಯುತ್ತಾರೆಂದು ಮಧ್ಯಾಹ್ನದಿಂದ ನೀರೂ ಕುಡಿದಿರಲಿಲ್ಲ. ನಾನು ಹೋಗಿ, ಬೆಳಿಗ್ಗೆ ಒಂದು ಗಳಿಗೆ ಆ ಮೀನು ನನಗೆ ಕೊಡಿ, ಇಲ್ಲೇ ಉಳಿಯುವ ಹಾಗೆ ಮಾಡುತ್ತೇನೆ ಎಂದೆ.

"ನಾಳೆ ಸೋಮವಾರ ಕಣಮ್ಮಿ. ಮನೆಗೆ ಮೀನು ತರಬ್ಯಾಡ."

"ತರಕ್ ಓಯ್ತಿಲ್ಲ ಅತ್ತೆ. ಕಚ್ಚಿಸ್ಕೊಂಡು ಬರಕ್ ಓಯ್ತೀನಿ."

ಮರುದಿನ ಬೆಳಕು ಹರಿಯುವಾಗ ಅತ್ತೆ ತಾವೇ ದಾಸವಾಳ ಬಿಡಿಸಿ ಮೀನನ್ನು ನನ್ನ ಕೈಗಿಟ್ಟರು. ಕೆರೆ ಏರಿಗೆ ಹೋದೆ, ಎಸೆದೆ. ಐದು ವರ್ಷ ಒಣಗಿದ್ದರೂ ಸೊಂಟ ಮರೆತಿರಲಿಲ್ಲ, ಹದಿಮೂರಕ್ಕಿಂತ ಚೆನ್ನಾಗಿ ಕುಣಿಯಿತು. ಕೊರಮೀನು ಒಂದು ಬೆನ್ನಟ್ಟಿ ಬಂತು, ನೋಡಿತು, ಮುಳುಗಿತು. ಇನ್ನೊಂದು ಬಂತು, ಅದೂ ನೋಡಿ ಹೋಯಿತು. ದೇವರೆಂದು ಅವಕ್ಕೆ ಯಾರು ಹೇಳಿದರೋ. ಎಸೆದು ಎಸೆದು ರಟ್ಟೆ ಬಿದ್ದುಹೋಯಿತು, ಬಿಸಿಲು ನೆತ್ತಿಯತ್ತ ಏರಿತು. ಏರಿಯ ಆ ತುದಿಯಲ್ಲಿ ಧೂಳೆದ್ದಿತು. ಮೈಸೂರಿನ ಕಾರು.

ದಾರ ಸುತ್ತಿ ಮೀನನ್ನು ಮೇಲೆತ್ತಿದೆ. ಸೆರಗಿನಲ್ಲಿ ಒರೆಸಿದೆ. ಎರಡು ಬೆರಳಲ್ಲಿ ಕೊಕ್ಕೆಯನ್ನು ಆಚೆ ಹಿಡಿದು, ಜೋಳದ ತೆನೆಯ ಹಾಗೆ ಬಾಯಿಗೆ ಅಡ್ಡ ಇಟ್ಟುಕೊಂಡು, ಇದ್ದ ಹನ್ನೊಂದು ಹಲ್ಲನ್ನೂ ಸೇರಿಸಿ ಕಚ್ಚಿದೆ. ಕೆಂಪು ಬಣ್ಣ ಚಟ್ಟೆಂದು ಬಿರಿಯಿತು. ನಾಲಿಗೆಗೆ ಮೊದಲು ಸಿಕ್ಕಿದ್ದು ಅರಿಶಿನ. ಅದರ ಹಿಂದೆಯೇ ಉಪ್ಪು. ಅದು ಸಮುದ್ರದ್ದೋ ನನ್ನ ವಸಡಿನದ್ದೋ ಎಂದು ನೋಡುತ್ತ ನಿಲ್ಲದೆ, ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಕಚ್ಚಿದೆ.