ಅರಳಿದ ಗುಂಡು

ಕಳೆದ ವಾರ ಶಾಲೆಯ ಅಂಗಿಗೆ ಗುಂಡಿ ಹುಡುಕಲು ನನ್ನ ಹೊಲಿಗೆ ಡಬ್ಬಿ ತೆಗೆದ ಚಿಕ್ಕ ಮೊಮ್ಮಗಳು ತಾಮ್ರದ ಚೂರೊಂದನ್ನು ಎತ್ತಿ ಹಿಡಿದು, “ಅಜ್ಜಿ, ಈಸ್ ದಿಸ್ ಯುವರ್ ಇಯರಿಂಗ್?” ಎಂದಳು. ಅವಳ ತಪ್ಪೇನಿಲ್ಲ. ದಳ ಬಿಚ್ಚಿ ಹಿಂದಕ್ಕೆ ಬಾಗಿದ ಅದು ಜುಮುಕಿಯಂತೆಯೇ ಇದೆ. ಆದರೆ ಅದು ಕಡವೆಯ ಮೈಯಿಂದ ತೆಗೆದ ಗುಂಡು.

ದೂರದ ಪ್ಯಾರಮಟ್ಟಾ ಊರಿನಲ್ಲಿ ಕೆಲಸಕ್ಕಿರುವ ದೊಡ್ಡವಳಿಗೂ ಈ ಕಥೆ ಪೂರ್ತಿ ಗೊತ್ತಿಲ್ಲ. ಮಕ್ಕಳೇ, ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಬರೆದಿಡುತ್ತೇನೆ, ನಿಮ್ಮಮ್ಮ ಓದಿ ಹೇಳಲಿ.

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಗದ್ದೆಗೆ ಬರುವ ಹಂದಿಗಳನ್ನು ಹೆದರಿಸಲು ಒಂದು ಕೋವಿ ಇತ್ತು. ನಿಮ್ಮ ತಾತ ಅದನ್ನು ಕೂಸಿನಂತೆ ಒರೆಸಿ ಇಡುತ್ತಿದ್ದರು. ನಿಮ್ಮಮ್ಮ ಮಂಗಳೂರಿನ ಕೊಂಕಣಿ ಮಾತಾಡುವ ರೋನಿಯನ್ನು, ಅಂದರೆ ನಿಮ್ಮಪ್ಪನನ್ನು ಮದುವೆಯಾದಾಗ ಅವರು ಬಂದು ಅಕ್ಷತೆ ಹಾಕಿದರು, ಆದರೆ ಅಳಿಯನೊಡನೆ ಮಾತಾಡಲಿಲ್ಲ. ಆಮೇಲೆ ನಾವಿಬ್ಬರೂ ಸಮುದ್ರ ದಾಟಿ ಈ ಕ್ರೇಗಿಬರ್ನ್‌ಗೆ ಬಂದು ಅದೇ ಅಳಿಯನ ಮನೆಯಲ್ಲಿ ಉಳಿದೆವು. ಮಾತು ಮಾತ್ರ ನನ್ನ ಮೂಲಕವೇ ಓಡಾಡುತ್ತಿತ್ತು.

“ಅವರಿಗೆ ಹೇಳು, ಹೀಟರ್ ಜಾಸ್ತಿ ಆಯ್ತು.”

“ಅಮ್ಮ, ಅಂಕಲ್‌ಗೆ ಹೇಳಿ, ರಿಮೋಟ್ ಅಲ್ಲೇ ಉಂಟು.”

ಅಳಿಯನೆದುರು ಕುರ್ಚಿ ಎಳೆದು ಕೂತು ಅಭ್ಯಾಸವಿಲ್ಲದ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅಂಚೆಯವಳ ಕೆಲಸ ಮಾಡುತ್ತಿದ್ದೆ. ಅಪ್ಪನಿಗೂ ಗಂಡನಿಗೂ ನಡುವೆ ನಿಮ್ಮಮ್ಮ ಸೊರಗಿ ಹೋದಳು.

ಆಗ ರೋನಿ ಆಫೀಸಿನ ಗೆಳೆಯರೊಡನೆ ಲೈಸೆನ್ಸ್ ಮಾಡಿಸಿಕೊಂಡು ಬೆಟ್ಟದ ಕಡೆ ಬೇಟೆಗೆ ಹೋಗಲು ಶುರುಮಾಡಿದ್ದ. ಫೋನಿನಲ್ಲಿ “ಸಾಂಬಾರ್ ತುಂಬಾ ದೂರ ಇತ್ತು” ಎನ್ನುತ್ತಿದ್ದ. ಯಾರ ಮನೆಯ ಊಟದಲ್ಲಿ ಸಾಂಬಾರು ಕೈಗೆಟುಕಲಿಲ್ಲವೋ ಪಾಪ, ಎಂದು ನಾನು ಅಂದೇ ಜಾಸ್ತಿ ಬೇಳೆ ಬೇಯಿಸಿದ್ದೆ. ನಮ್ಮ ಕಡವೆಯನ್ನೇ ಇಲ್ಲಿಯವರು ಸಾಂಬಾರ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಒಂದು ಸಂಜೆ ಅವನು ಮೇಜಿನ ಮೇಲೆ ಎರಡು ಬಗೆಯ ಗುಂಡಿನ ಪೆಟ್ಟಿಗೆಗಳನ್ನಿಟ್ಟು ಯೋಚಿಸುತ್ತಿದ್ದ. ಟಿವಿ ನೋಡುವವರಂತೆ ಕೂತಿದ್ದ ತಾತನಿಗೆ ತಡೆಯಲಾಗಲಿಲ್ಲ. “ಗುಂಡು ಯಾವುದು?” ಎಂದರು. ಅಳಿಯನಿಗೆ ನೇರವಾಗಿ ಆಡಿದ ಮೊದಲ ಮಾತು!

ರೋನಿ ಕನ್ನಡ ಕಲಿತದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ. ಗಾಬರಿಯಿಂದ ಎದ್ದು ನಿಂತ. “ರಮ್ ಉಂಟು, ವಿಸ್ಕಿ ಉಂಟು. ಯಾವುದು ಹಾಕ್ಲಿ ಅಂಕಲ್?”

ಜನ್ಮದಲ್ಲಿ ಹನಿ ಮುಟ್ಟದ ತಾತ ಕೆಂಪಾದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. “ಅಯ್ಯೋ, ಈ ಗುಂಡು ಕಣ್ರೀ!” ಎಂದು ಅವರೇ ಎದ್ದು ಬಂದು ಪೆಟ್ಟಿಗೆ ತಟ್ಟಿದರು.

ರೋನಿ ಚೂಪು ಮೂತಿಯ ಉದ್ದ ಗುಂಡು ತೋರಿಸಿದ. “ಇದು ಐನೂರು ಮೀಟರ್‌ಗೂ ಸ್ಟ್ರೈಟ್ ಹೋಗ್ತದೆ. ಪ್ರಾಕ್ಟೀಸ್ ರೇಂಜಲ್ಲಿ ಹೊಡೆದ್ರೆ ಟಾರ್ಗೆಟ್ ಪೇಪರ್ ಮೇಲೆ ಎಲ್ಲಾ ಒಂದೇ ಕಡೆ ಬೀಳ್ತದೆ.”

“ಕಾಗದಕ್ಕೆ ನೋವಾಗುತ್ತಾ?” ಎಂದರು ತಾತ. “ಕಡವೆ ಭುಜ ದಪ್ಪ. ಇದು ತೂತು ಮಾಡಿ ಆಚೆ ಹೋದ್ರೆ ಆ ಜೀವ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಗುಂಡು ಹಾರಿದ್ರೆ ಸಾಲದು, ತಲುಪಿದ ಮೇಲೆ ಅರಳಬೇಕು.”

ಇನ್ನೊಂದು ಪೆಟ್ಟಿಗೆಯಲ್ಲಿ ಮೈ ಹೊಕ್ಕಾಗ ಮೂತಿ ಹೂವಿನಂತೆ ಅರಳುವ ತಾಮ್ರದ ಗುಂಡುಗಳಿದ್ದವು. ರೋನಿ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದಿದ, ಫೋನಿನಲ್ಲಿ ಏನೋ ಲೆಕ್ಕ ಹಾಕಿದ. “ಎಂತ ಅಂಕಲ್, ದೂರ ಹೋದ ಹಾಗೆ ಸ್ಪೀಡ್ ಕಡಿಮೆ ಆಗ್ತದೆ. ಮುನ್ನೂರು ಮೀಟರ್ ದಾಟಿದ್ರೆ ಇದೂ ಅರಳುವುದು ಡೌಟು ಮಾರಾಯ್ರೆ.”

“ಹಾಗಾದ್ರೆ ಹತ್ತಿರ ನಡೀರಿ. ಕಾಲಿಗೇನಾಗಿದೆ?”

ರೊಟ್ಟಿ ತಣ್ಣಗಾಯಿತು. ಇಬ್ಬರಲ್ಲಿ ಯಾರೂ ಅಂಚೆಯವಳನ್ನು ಕರೆಯಲಿಲ್ಲ.

ಮುಂದಿನ ಬೇಟೆಗೆ ತಾತನೂ ಹೋದರು, ಬರಿಗೈಯಲ್ಲಿ, ಕಂಬಳಿ ಟೋಪಿ ಹಾಕಿಕೊಂಡು. ಕಣಿವೆಯಾಚೆ ಕಡವೆ ಕಂಡಿತಂತೆ. ರೋನಿ ಬಂದೂಕು ಎತ್ತಿದವನು ತಾತನ ಮುಖ ನೋಡಿ ಇಳಿಸಿದ. ಇಬ್ಬರೂ ಕಣಿವೆ ಇಳಿದು ಹತ್ತಿ ಹತ್ತಿರವಾದ ಮೇಲೆಯೇ ಹೊಡೆದದ್ದು. ಅದು ನಿಂತಲ್ಲೇ ಬಿತ್ತು.

ಮನೆಗೆ ಬಂದವನು ತೊಳೆದ ಗುಂಡನ್ನು ನನ್ನ ಅಂಗೈಯಲ್ಲಿಟ್ಟ. “ನೋಡಿ ಅಮ್ಮ, ಮಾವ ಹೇಳಿದ ಹಾಗೇ ಅರಳಿದೆ.”

ಮಾವ! ಶೂ ಬಿಚ್ಚುತ್ತಿದ್ದ ತಾತ ತಲೆಯೆತ್ತಲಿಲ್ಲ. ಬಿಚ್ಚಿದ ಲೇಸನ್ನೇ ಮತ್ತೆ ಕಟ್ಟಿದರು. ಆಮೇಲೆ, “ಅಳಿಯಂದಿರಿಗೆ ಕಾಫಿ ಕೊಡೇ” ಎಂದರು.

ತಾತ ತೀರಿಹೋದ ಮೇಲೆ ರೋನಿ ಬೆಟ್ಟಕ್ಕೆ ಹೋಗಿಲ್ಲ. ಬಂದೂಕು ಬೀರುವಿನೊಳಗೆ ಬೀಗದಲ್ಲಿದೆ. ಗೆಳೆಯರು ಕರೆದರೆ “ಕೆಲಸ ಉಂಟು” ಎನ್ನುತ್ತಾನೆ. ಕಳೆದ ವಾರ ಚಿಕ್ಕವಳು ಬಿಟ್ಟುಹೋದ ಗುಂಡನ್ನು ನಾನು ಅವನ ಕಾಫಿ ಲೋಟದ ಪಕ್ಕ ಇಟ್ಟು ಬಾಗಿಲಿಗೆ ಸರಿದೆ. ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ.

“ಅಮ್ಮ, ಶನಿವಾರ ಅಂಗಡಿಗೆ ಹೋಗಿ ಬರ್ತೇನೆ. ಗುಂಡು ಯಾವುದು ತರಲಿ?”

ಯಾರಿಗೆ ದಾಟಿಸಲಿ ಎಂದು ಅಭ್ಯಾಸಬಲದಿಂದ ತಾತ ಕೂರುತ್ತಿದ್ದ ಸೋಫಾದ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಅವನು ಕೇಳಿದ್ದು ನನ್ನನ್ನೇ.

ನಾನು ಬಾಗಿಲು ಬಿಟ್ಟು ಬಂದು ಅಳಿಯನೆದುರು ಕುರ್ಚಿ ಎಳೆದು ಕೂತೆ. “ಅರಳೋದೇ ತನ್ನಿ,” ಎಂದೆ. “ದೂರ ಇದ್ರೆ, ನಡೀರಿ.”